ಹನ್ನೊಂದು ತಿಂಗಳ ಲೆಕ್ಕ

ಬೆಂಗಳೂರಿನ ಹೊರವಲಯದಲ್ಲಿ 80 ಲಕ್ಷದ ಎರಡು ಬೆಡ್‌ರೂಮಿನ ಫ್ಲ್ಯಾಟು, ತಿಂಗಳಿಗೆ 25 ಸಾವಿರ ಬಾಡಿಗೆ. ಬ್ರೋಕರ್ ಬಾಯಲ್ಲಿ ಈ ಲೆಕ್ಕ ಒಂದೇ ಉಸಿರಿಗೆ ಮುಗಿಯುತ್ತದೆ. ವರ್ಷಕ್ಕೆ ಮೂರು ಲಕ್ಷ, ಅಂದರೆ ಶೇ. 3.75, ಆಸ್ತಿ ಬೆಲೆ ಏರುವುದು ಬೇರೆ, ಇಎಂಐ ಬಾಡಿಗೆಯವರೇ ಕಟ್ಟಿಕೊಂಡು ಹೋಗ್ತಾರೆ ಸಾರ್, ನೀವು ಸುಮ್ಮನೆ ಕೂತಿರಿ.

ಈ ಮಾತಲ್ಲಿರುವ 80 ಲಕ್ಷ ನಿಜವಲ್ಲ, ಮೂರು ಲಕ್ಷವೂ ನಿಜವಲ್ಲ, ಸುಮ್ಮನೆ ಕೂರುವುದಂತೂ ಮೊದಲೇ ಅಲ್ಲ. ಕಾಗದ ಪೆನ್ನು ಹಿಡಿದು ಕೂತರೆ ಹತ್ತು ನಿಮಿಷದಲ್ಲಿ ಗೊತ್ತಾಗುವ ಸಂಗತಿ ಇದು. ಆದರೆ ಮೊದಲ ಸಲ ಕೊಳ್ಳುವವರು ಆ ಹತ್ತು ನಿಮಿಷವನ್ನು ಸಾಮಾನ್ಯವಾಗಿ ಟೋಕನ್ ಅಡ್ವಾನ್ಸ್ ಕೊಟ್ಟ ಮೇಲೆ ಹುಡುಕುತ್ತಾರೆ.

ಮೊದಲು 80 ಲಕ್ಷ. ಕರ್ನಾಟಕದಲ್ಲಿ 45 ಲಕ್ಷ ಮೀರಿದ ಆಸ್ತಿಗೆ ಮುದ್ರಾಂಕ ಶುಲ್ಕ ಶೇ. 5. ಅದರ ಮೇಲೆ ಸೆಸ್ಸು, ಸರ್‌ಚಾರ್ಜು ಸೇರಿದರೆ ನಗರದಲ್ಲಿ ಶೇ. 5.6. ನೋಂದಣಿ ಶುಲ್ಕ ಶೇ. 1 ಇದ್ದದ್ದು 2025ರ ಆಗಸ್ಟ್ 31ರಿಂದ ಶೇ. 2 ಆಗಿದೆ. ಒಟ್ಟು ಶೇ. 7.6, ಅಂದರೆ 6.08 ಲಕ್ಷ. ಬಾಡಿಗೆಗೆ ಕೊಡುವಂತಾಗಬೇಕಾದರೆ ಅಡುಗೆಮನೆಯ ಕಪಾಟು, ವಾರ್ಡ್‌ರೋಬು, ಗೀಸರು, ಫ್ಯಾನು, ಕಿಟಕಿಗೆ ಸೊಳ್ಳೆ ಜಾಲರಿ ಎಂದು ಎಷ್ಟು ಕೈ ಬಿಗಿ ಹಿಡಿದರೂ ನಾಲ್ಕು ಲಕ್ಷ ಇಟ್ಟುಕೊಳ್ಳಿ. ವಕೀಲರ ಶುಲ್ಕ, ಬ್ಯಾಂಕಿನ ಪ್ರೊಸೆಸಿಂಗ್ ಶುಲ್ಕ, ಓಡಾಟ ಸೇರಿ ಇನ್ನೊಂದು ನಲವತ್ತು ಸಾವಿರ. ಮನೆ ಬಿದ್ದದ್ದು ತೊಂಬತ್ತೂವರೆ ಲಕ್ಷಕ್ಕೆ. ಕಟ್ಟಡ ಇನ್ನೂ ಏಳುತ್ತಿರುವಾಗಲೇ ಬಿಲ್ಡರ್‌ನಿಂದ ಕೊಂಡರೆ ಶೇ. 5 ಜಿಎಸ್‌ಟಿ ಎಂದು ಮತ್ತೆ ನಾಲ್ಕು ಲಕ್ಷ. ಸ್ವಾಧೀನ ಪತ್ರ, ಅಂದರೆ ಎಲ್ಲರ ಬಾಯಲ್ಲಿರುವ ಒಸಿ, ಬಂದ ಮೇಲೆ ಕೊಂಡರೆ ಜಿಎಸ್‌ಟಿ ಇಲ್ಲ.

ಇನ್ನು ಬಾಡಿಗೆ. ವರ್ಷಕ್ಕೆ ಹನ್ನೆರಡು ತಿಂಗಳಾದರೂ ಬಾಡಿಗೆಯ ಲೆಕ್ಕಕ್ಕೆ ಹನ್ನೊಂದೇ. ಒಬ್ಬರು ಬಿಟ್ಟು ಇನ್ನೊಬ್ಬರು ಬರುವ ನಡುವೆ ಬಣ್ಣ, ರಿಪೇರಿ, ಮನೆ ತೋರಿಸುವುದು ಎಂದು ಒಂದು ತಿಂಗಳು ಖಾಲಿ ಬೀಳುತ್ತದೆ. ಪ್ರತಿ ವರ್ಷ ಬೀಳದಿರಬಹುದು, ಒಂದು ವರ್ಷ ಎರಡೂವರೆ ತಿಂಗಳು ಬಿದ್ದು ಸರಿದೂಗುತ್ತದೆ. ಹಾಗಾಗಿ 2.75 ಲಕ್ಷ. ಖಾಲಿ ತಿಂಗಳ ಮೇಂಟೆನೆನ್ಸ್ ಮಾಲೀಕರದೇ: 1,100 ಚದರಡಿಗೆ ನಾಲ್ಕು ರೂಪಾಯಿಯಂತೆ 4,400. ಆಸ್ತಿ ತೆರಿಗೆಗೆ ಹತ್ತು ಸಾವಿರ, ಮೂರು ವರ್ಷಕ್ಕೊಮ್ಮೆ ಬಣ್ಣಕ್ಕೆಂದು ವರ್ಷಕ್ಕೆ ಹನ್ನೆರಡು ಸಾವಿರ, ನಲ್ಲಿ, ಗೀಸರು, ಬೀಗ, ಚಿಲಕ ಇತ್ಯಾದಿಗೆ ಹತ್ತು ಸಾವಿರ. ಕೈಗೆ ಉಳಿಯುವುದು 2,38,600. ತೊಂಬತ್ತೂವರೆ ಲಕ್ಷದ ಮೇಲೆ ಅದು ಶೇ. 2.64.

60 ಲಕ್ಷ ಸಾಲ ಮಾಡಿದ್ದರೆ, ಶೇ. 8.5 ಬಡ್ಡಿಗೆ 20 ವರ್ಷದ ಕಂತು ತಿಂಗಳಿಗೆ 52,070. ನಿವ್ವಳ ಬಾಡಿಗೆ ತಿಂಗಳಿಗೆ ಇಪ್ಪತ್ತು ಸಾವಿರದೊಳಗೆ. ಉಳಿದ 32 ಸಾವಿರವನ್ನು ತಿಂಗಳು ತಿಂಗಳೂ ಸಂಬಳದಿಂದ ತುಂಬಬೇಕು. ಮುದ್ರಾಂಕ ಶುಲ್ಕಕ್ಕೆ ಬ್ಯಾಂಕು ಸಾಲ ಕೊಡುವುದಿಲ್ಲವಾದ್ದರಿಂದ ಮೊದಲ ದಿನವೇ ಕೈಯಿಂದ ಹೋದ ಮೂವತ್ತು ಲಕ್ಷ ಬೇರೆ. ಮೂಗಿಗಿಂತ ಮೂಗುತಿ ಭಾರ.

ಹಾಗಾದರೆ ಯಾರೂ ಕೊಳ್ಳಬಾರದೇ? ಕೊಳ್ಳಬಹುದು. ಆದರೆ ಏನನ್ನು ಕೊಳ್ಳುತ್ತಿದ್ದೇವೆ ಎಂಬುದು ಗೊತ್ತಿರಬೇಕು. ಬೆಂಗಳೂರಿನ ಫ್ಲ್ಯಾಟಿನಲ್ಲಿ ಬಾಡಿಗೆ ಎನ್ನುವುದು ಸಾಲದ ಬಡ್ಡಿಯ ಒಂದು ಭಾಗವನ್ನು ತುಂಬುವ ಉಪಕಸುಬು. ನಿಜವಾದ ಪಣ ಇರುವುದು ನೆಲದ ಬೆಲೆಯ ಮೇಲೆ. ನೆಲವೋ, ಫ್ಲ್ಯಾಟಿನಲ್ಲಿ ತೀರ ಕಡಿಮೆ. ಒಂದು ಎಕರೆ ಅಂದರೆ 43,560 ಚದರಡಿ. ಅದರಲ್ಲಿ ನೂರು ಫ್ಲ್ಯಾಟು ಎದ್ದರೆ ಒಂದೊಂದಕ್ಕೆ ಸರಾಸರಿ 435 ಚದರಡಿ ಅವಿಭಜಿತ ಪಾಲು. ಆ ಜಾಗದಲ್ಲಿ ಸೈಟಿನ ಬೆಲೆ ಚದರಡಿಗೆ ಆರು ಸಾವಿರ ಅಂದುಕೊಂಡರೂ ನಿಮ್ಮ 80 ಲಕ್ಷದಲ್ಲಿ ನೆಲದ ಪಾಲು 26 ಲಕ್ಷ. ಉಳಿದ 54 ಲಕ್ಷ ಕಾಂಕ್ರೀಟು, ಲಿಫ್ಟು, ಈಜುಕೊಳ, ಬಿಲ್ಡರ್‌ನ ಲಾಭ. ನೆಲ ಏರುತ್ತದೆ, ಲಿಫ್ಟು ಹಳತಾಗುತ್ತದೆ. ಕ್ರಯಪತ್ರದ ಷೆಡ್ಯೂಲಿನಲ್ಲಿ ಅವಿಭಜಿತ ಪಾಲು ಎಷ್ಟು ಚದರಡಿ ಎಂದು ಬರೆದಿರುತ್ತದೆ, ಬರೆದಿಲ್ಲದಿದ್ದರೆ ಬರೆಸಿ. ಎರಡು ಫ್ಲ್ಯಾಟುಗಳ ನಡುವೆ ಆಯ್ಕೆ ಮಾಡಬೇಕಾದಾಗ ಕ್ಲಬ್‌ಹೌಸನ್ನು ಹೋಲಿಸುವ ಬದಲು ಈ ಒಂದು ಅಂಕಿಯನ್ನು ಹೋಲಿಸಿ. ನಾಲ್ಕು ಮಹಡಿಯ ಹಳೇ ಅಪಾರ್ಟ್‌ಮೆಂಟು ಎಷ್ಟೋ ಸಲ ಇಪ್ಪತ್ತೆರಡು ಮಹಡಿಯ ಹೊಸ ಗೋಪುರವನ್ನು ಸೋಲಿಸುತ್ತದೆ.

ಮೂವತ್ತು ನಲವತ್ತರ ಸೈಟು

ಇದಕ್ಕೆ ಪ್ರತಿಯಾಗಿ ಹಳೇ ಬೆಂಗಳೂರಿನ, ಮೈಸೂರಿನ ದಾರಿ ಒಂದಿದೆ: 30×40 ಸೈಟಿನಲ್ಲಿ ಕೆಳಗೆ ಸ್ವಂತ ವಾಸ, ಮೇಲೆ ಎರಡು ಮಹಡಿಯಲ್ಲಿ ಒಂದೊಂದು ಬೆಡ್‌ರೂಮಿನ ನಾಲ್ಕು ಮನೆ. ಬಾಡಿಗೆಯ ದೃಷ್ಟಿಯಿಂದ ಇದು ಫ್ಲ್ಯಾಟಿಗಿಂತ ವಾಸಿ. ಸಣ್ಣ ಮನೆಗೆ ಚದರಡಿ ಲೆಕ್ಕದಲ್ಲಿ ಬಾಡಿಗೆ ಹೆಚ್ಚು, ಒಂದು ಖಾಲಿ ಬಿದ್ದರೂ ಮೂರು ನಡೆಯುತ್ತಿರುತ್ತವೆ, 1,200 ಚದರಡಿ ನೆಲವೆಲ್ಲ ನಿಮ್ಮದೇ. ಎಡವುವುದು ಕಟ್ಟುವಾಗ. ಒಂದು ಮಹಡಿ ಹೆಚ್ಚು ಎಬ್ಬಿಸುವುದು, ಅಕ್ಕಪಕ್ಕ ಬಿಡಬೇಕಾದ ಜಾಗಕ್ಕೆ ಬಾಲ್ಕನಿ ಚಾಚುವುದು, ನಕ್ಷೆಯಲ್ಲಿ ಒಂದೇ ಮನೆ ತೋರಿಸಿ ಐದು ಮಾಡುವುದು. ಎಲ್ಲರೂ ಮಾಡ್ತಾರೆ ಅನ್ನುವ ಸಮಾಧಾನ ಹಳೆಯ ಕಾಲಕ್ಕಾಯಿತು. 2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟ್ ಉತ್ತರಪ್ರದೇಶದ ಪ್ರಕರಣವೊಂದರಲ್ಲಿ, ಸ್ವಾಧೀನ ಪತ್ರ ನೋಡಿದ ಮೇಲಷ್ಟೇ ವಿದ್ಯುತ್ತು, ನೀರಿನ ಸಂಪರ್ಕ ಕೊಡಬೇಕು, ಬ್ಯಾಂಕುಗಳೂ ಅದನ್ನು ನೋಡಿಯೇ ಸಾಲ ಕೊಡಬೇಕು ಎಂದು ದೇಶಕ್ಕೆಲ್ಲ ಅನ್ವಯಿಸುವ ನಿರ್ದೇಶನ ಕೊಟ್ಟಿತು. ಅದರ ಬಿಸಿ ಬೆಂಗಳೂರಿಗೆ 2025ರಲ್ಲಿ ತಟ್ಟಿತು: ಕಟ್ಟಿ ಮುಗಿದ ಮನೆಗಳು ಕಾಯಂ ಮೀಟರಿಲ್ಲದೆ ನಿಂತವು. ಸಣ್ಣ ನಿವೇಶನಗಳ ಮನೆಗಳಿಗೆ ಸರ್ಕಾರ ಆಮೇಲೆ ವಿನಾಯಿತಿ ಕೊಟ್ಟಿದೆ, ನಿಜ. ಆದರೆ ವಿನಾಯಿತಿಗೆ ಅಳತೆಯ, ಮಹಡಿಯ ಮಿತಿಗಳಿವೆ. ಕದ್ದು ಎಬ್ಬಿಸಿದ ಮಹಡಿ ಅದರೊಳಗೆ ಬರುವುದಿಲ್ಲ.

ಕಾಗದ ನೋಡುವ ಕ್ರಮ

ಖಾತೆ ಇದೆ ಸಾರ್, ಎ ಖಾತಾ ಎಂದು ಒಬ್ಬರು ಹೇಳಿದರೆ ಅರ್ಧ ಜನ ಅಲ್ಲಿಗೇ ಸುಮ್ಮನಾಗುತ್ತಾರೆ. ಖಾತೆ ಎಂದರೆ ಮಾಲೀಕತ್ವವಲ್ಲ. ಯಾರ ಹೆಸರಿನಲ್ಲಿ ತೆರಿಗೆ ವಸೂಲಿ ಮಾಡಬೇಕು ಎಂದು ಪಾಲಿಕೆ ಇಟ್ಟುಕೊಂಡ ಪುಸ್ತಕ ಅದು. ಬಿ ಖಾತಾ ಎಂದರೆ ನಿಯಮ ಪಾಲಿಸದ ಆಸ್ತಿಗಳಿಂದಲೂ ತೆರಿಗೆ ಬಿಡಬಾರದೆಂದು ಇಟ್ಟ ಇನ್ನೊಂದು ಪುಸ್ತಕ. 2024ರ ಅಕ್ಟೋಬರಿನಿಂದ ಬೆಂಗಳೂರಿನಲ್ಲಿ ನೋಂದಣಿಗೆ ಇ-ಖಾತಾ, ಅಂದರೆ ಆನ್‌ಲೈನ್ ಖಾತೆ, ಬೇಕೇ ಬೇಕು. 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ಪಾಲಿಕೆಗಳಾದ ಮೇಲೂ ಅದು ಹಾಗೇ ಇದೆ. ಪಂಚಾಯಿತಿ ವ್ಯಾಪ್ತಿಯಲ್ಲಿ ಇದೇ ಕೆಲಸಕ್ಕೆ ಇ-ಸ್ವತ್ತು ಎಂಬ ಆನ್‌ಲೈನ್ ದಾಖಲೆ: ನಮೂನೆ 9 ಮತ್ತು 11ಎ ಇದ್ದರೆ ಸರಿ, 11ಬಿ ಎಂದಿದ್ದರೆ ಅದು ಕ್ರಮಬದ್ಧವಲ್ಲದ ಆಸ್ತಿಯ ಪಟ್ಟಿ. ಬಿಯನ್ನು ಎ ಮಾಡಿಸಿಕೊಡ್ತೀನಿ ಎನ್ನುವ ಮಾರಾಟಗಾರರಿಗೆ ಹೇಳಬೇಕಾದ್ದು ಒಂದೇ: ಮಾಡಿಸಿಕೊಂಡು ಬನ್ನಿ, ಆಮೇಲೆ ಮಾತಾಡೋಣ.

ಮಾಲೀಕತ್ವ ಗೊತ್ತಾಗುವುದು ಮೂಲ ಪತ್ರದಿಂದ ಇವತ್ತಿನವರೆಗಿನ ಕ್ರಯ, ದಾನ, ವಿಭಾಗ ಪತ್ರಗಳ ಸರಪಳಿಯಿಂದ. ವಕೀಲರು ಮೂವತ್ತು ವರ್ಷ ಹಿಂದಕ್ಕೆ ಹೋಗುತ್ತಾರೆ. ಋಣಭಾರ ಪತ್ರ, ಅಂದರೆ ಇಸಿ, ನೋಂದಣಿ ಇಲಾಖೆಯ ಕಾವೇರಿ ಪೋರ್ಟಲಿನಲ್ಲಿ 2004ರ ಏಪ್ರಿಲ್‌ನಿಂದ ಈಚೆಗೆ ಮಾತ್ರ ಸಿಗುತ್ತದೆ. ಅದಕ್ಕಿಂತ ಹಿಂದಿನದಕ್ಕೆ ಉಪನೋಂದಣಿ ಕಚೇರಿಯ ಕೈಬರಹದ ಪುಸ್ತಕವೇ ಗತಿ. ಇಸಿ ಶುದ್ಧವಾಗಿದ್ದ ಮಾತ್ರಕ್ಕೆ ಆಸ್ತಿ ಶುದ್ಧ ಎಂದಲ್ಲ. ನೋಂದಣಿಯಾಗದ ಯಾವುದೂ ಅದರಲ್ಲಿ ಕಾಣುವುದಿಲ್ಲ: ಬಾಯಿಮಾತಿನ ಪಾಲು, ಛಾಪಾ ಕಾಗದದ ಮೇಲಿನ ಮಾರಾಟ ಕರಾರು, ಕೋರ್ಟಿನಲ್ಲಿರುವ ದಾವೆ, ಮನೆಯಲ್ಲೇ ಕೂತಿರುವ ಭೋಗ್ಯದಾರ (ತಿಂಗಳ ಬಾಡಿಗೆಯ ಬದಲು ಒಂದೇ ಗಂಟು ಹಣ ಕೊಟ್ಟು, ಬಿಡುವಾಗ ಅದನ್ನು ವಾಪಸು ಪಡೆಯುವವರು). ಜಿಪಿಎ (ಮಾಲೀಕರ ಪರವಾಗಿ ವ್ಯವಹರಿಸಲು ಇನ್ನೊಬ್ಬರಿಗೆ ಕೊಟ್ಟ ಅಧಿಕಾರ ಪತ್ರ) ಮೇಲೆ ಮಾರುತ್ತೇವೆ ಎಂದರೆ ಮುಂದೆ ನೋಡಬೇಡಿ. ಅದರಿಂದ ಒಡೆತನ ವರ್ಗವಾಗುವುದಿಲ್ಲ ಎಂದು ಸುಪ್ರೀಂ ಕೋರ್ಟು 2011ರಲ್ಲೇ ಹೇಳಿಯಾಗಿದೆ. ಸೈಟಾದರೆ ಸರ್ಕಾರ ಮಂಜೂರು ಮಾಡಿದ ಜಮೀನೇ ಎಂದು ಕಡ್ಡಾಯವಾಗಿ ಕೇಳಿಸಿ. ಪರಿಶಿಷ್ಟರಿಗೆ ಮಂಜೂರಾದ ಭೂಮಿಯ ಪರಭಾರೆಯನ್ನು ತಡೆಯುವ 1978ರ ಕಾಯ್ದೆಯಡಿ, ಅನುಮತಿಯಿಲ್ಲದ ಮಾರಾಟ ಎಷ್ಟು ಕೈ ಬದಲಾಗಿದ್ದರೂ ರದ್ದಾಗಬಹುದು. 2023ರ ತಿದ್ದುಪಡಿ ಬಂದ ಮೇಲೆ ತುಂಬ ವರ್ಷ ಆಯಿತು ಎಂಬ ವಾದವನ್ನು ನಂಬಿಕೊಂಡು ಕೂರುವಂತೆಯೂ ಇಲ್ಲ.

ಬಾಡಿಗೆದಾರರು ಇರುವ ಮನೆ ಕೊಳ್ಳುವುದು ಹೊಸಬರಿಗೆ ಲಾಭದಂತೆ ಕಾಣುತ್ತದೆ, ಮೊದಲ ತಿಂಗಳಿಂದಲೇ ಬಾಡಿಗೆ ಬರುತ್ತದಲ್ಲ ಎಂದು. ಅವರು ಹಳೇ ಮಾಲೀಕರಿಗೆ ಕೊಟ್ಟ ಅಡ್ವಾನ್ಸನ್ನು ನಾಳೆ ಕೇಳುವುದು ಹೊಸ ಮಾಲೀಕರನ್ನು. ನಾಲ್ಕು ಮನೆಯ ಕಟ್ಟಡದಲ್ಲಿ ಎರಡು ಮನೆ ತಲಾ ಎಂಟು ಲಕ್ಷಕ್ಕೆ ಭೋಗ್ಯಕ್ಕಿದ್ದರೆ, ನೀವು ಮಾತಾಡಿದ ಬೆಲೆಯಲ್ಲದೆ ಇನ್ನೂ ಹದಿನಾರು ಲಕ್ಷದ ಸಾಲವನ್ನು ಕೊಂಡಂತೆ. ಒಬ್ಬೊಬ್ಬರ ಹತ್ತಿರವೂ ಹೋಗಿ, ಎಷ್ಟು ಕೊಟ್ಟಿದ್ದೀರಿ, ಯಾವಾಗ ಮುಗಿಯುತ್ತದೆ ಎಂದು ಕೇಳಿ, ಬರೆಸಿಕೊಂಡು, ಆ ಮೊತ್ತವನ್ನು ಕ್ರಯದ ಹಣದಲ್ಲೇ ಮುರಿದುಕೊಳ್ಳಬೇಕು. ಈ ಕೆಲಸವನ್ನು ನೋಂದಣಿಯ ಮಾರನೆಯ ದಿನಕ್ಕೆ ಇಟ್ಟುಕೊಳ್ಳಬೇಡಿ.

ಫ್ಲ್ಯಾಟಾದರೆ ಇನ್ನೊಂದು ಭೇಟಿ ಬಾಕಿಯಿದೆ: ಸಂಘದ ಕಚೇರಿಗೆ. ಹಿಂದಿನ ಮಾಲೀಕರ ಮೇಂಟೆನೆನ್ಸ್ ಬಾಕಿ ಎಷ್ಟು, ಕಟ್ಟಡದ ರಿಪೇರಿಗೆಂದು ತೆಗೆದಿಟ್ಟ ನಿಧಿ ಎಷ್ಟಿದೆ, ಕೊಳಚೆ ನೀರು ಶುದ್ಧೀಕರಣ ಘಟಕ ಓಡುತ್ತದೆಯೋ ಇಲ್ಲವೋ, ಕಾವೇರಿ ನೀರು ಬಂದಿದೆಯೋ ಅಥವಾ ಟ್ಯಾಂಕರೋ, ಬ್ಯಾಚುಲರುಗಳಿಗೆ ಬಾಡಿಗೆಗೆ ಕೊಡಬಾರದೆಂಬ ನಿಯಮವೇನಾದರೂ ಮಾಡಿಕೊಂಡಿದ್ದಾರೋ. ಕೊನೆಯದು ಐಟಿ ಪಾರ್ಕಿನ ಪಕ್ಕದಲ್ಲಿ ಎರಡು ಬೆಡ್‌ರೂಮು ಕೊಂಡವರ ಲೆಕ್ಕವನ್ನೇ ಬುಡಮೇಲು ಮಾಡಬಲ್ಲದು.

ನೀರು, ಮೀಟರು, ಗೀಸರು

ಹೂಡಿಕೆಯ ಬಗ್ಗೆ ಬರೆಯುವವರು ನೀರಿನ ಬಗ್ಗೆ ಬರೆಯುವುದೇ ಇಲ್ಲ. ಬಾಡಿಗೆಯ ಮನೆ ಖಾಲಿಯಾಗಲು ಮೊದಲ ಕಾರಣ ನೀರು. ಒಬ್ಬರಿಗೆ ದಿನಕ್ಕೆ 135 ಲೀಟರ್ ಎಂಬುದು ಯೋಜಕರ ಅಳತೆ. ನಾಲ್ಕು ಜನರ ಮನೆಗೆ 540, ನಾಲ್ಕು ಮನೆಗೆ 2,160. ಬೋರ್ ಬತ್ತಿದರೆ 12,000 ಲೀಟರಿನ ಟ್ಯಾಂಕರು ಐದೂವರೆ ದಿನಕ್ಕೆ ಮುಗಿಯುತ್ತದೆ. 2024ರ ಬೇಸಿಗೆಯ ಬರದಲ್ಲಿ ಬೆಂಗಳೂರು ಜಿಲ್ಲಾಡಳಿತ ಐದು ಕಿಲೋಮೀಟರಿನೊಳಗೆ ಅಂಥ ಟ್ಯಾಂಕರಿಗೆ ಸಾವಿರ ರೂಪಾಯಿ ದರ ಕಟ್ಟಿತ್ತು. ಆ ದರದಲ್ಲೇ ಸಿಕ್ಕರೂ ತಿಂಗಳಿಗೆ ಐದಾರು ಸಾವಿರ. ಇದನ್ನು ಯಾರು ಕೊಡಬೇಕು ಎಂದು ಕರಾರಿನಲ್ಲಿ ಇಲ್ಲದಿದ್ದರೆ ಮಾರ್ಚಿನಲ್ಲಿ ಜಗಳ, ಏಪ್ರಿಲ್‌ನಲ್ಲಿ ಮನೆ ಖಾಲಿ. ಮನೆ ನೋಡಲು ಹೋಗುವುದಾದರೆ ಎರಡು ಸಲ ಹೋಗಿ. ಮಾರ್ಚ್‌ನಲ್ಲಿ ನೀರು ನೋಡಲು, ಜುಲೈನಲ್ಲಿ ಗೋಡೆ ನೋಡಲು. ಬಚ್ಚಲಿನ ಕೆಳಗಿನ ಮನೆಯ ಒಳಛಾವಣಿಯಲ್ಲಿ ಹಳದಿ ಕಲೆ ಇದ್ದರೆ ಬಚ್ಚಲಿನ ತಗ್ಗು ಸ್ಲ್ಯಾಬಿನಲ್ಲಿ ನೀರು ತಡೆಯುವ ಪದರ ಹೋಗಿರುವ ಸಾಧ್ಯತೆ ಹೆಚ್ಚು. ಹೋಗಿದ್ದರೆ ಟೈಲ್ಸ್ ಕಿತ್ತು ಮತ್ತೆ ಮಾಡಿಸದೆ ಅದು ನಿಲ್ಲುವುದಿಲ್ಲ. ಮೇಲಿಂದ ಬಿಳಿ ಸಿಮೆಂಟು ಮೆತ್ತಿದರೆ ಒಂದು ಮಳೆಗಾಲ ಮುಚ್ಚಿಕೊಂಡಿರುತ್ತದೆ, ಅಷ್ಟೇ. ಮಾರುವ ಮನೆಗೆ ಹೊಸ ಬಣ್ಣದ ವಾಸನೆ ಇದ್ದರೆ ಅನುಮಾನ ಪಡುವುದು ಒಳ್ಳೆಯದು.

ನಾಲ್ಕು ಮನೆ ಕಟ್ಟಿಸುವವರಿಗೆ ಒಂದಿಷ್ಟು ಮಾತು. ಮನೆಗೊಂದು ವಿದ್ಯುತ್ ಮೀಟರು, ಮೆಟ್ಟಿಲ ದೀಪಕ್ಕೂ ಪಂಪಿಗೂ ಪ್ರತ್ಯೇಕ ಇನ್ನೊಂದು. ಮನೆಗೊಂದು ಸಾವಿರ ಲೀಟರಿನ ತೊಟ್ಟಿ, ಅದರಿಂದ ಬೇರೆಯೇ ಪೈಪು. ಆಗ ಯಾರ ಮನೆಯಲ್ಲಿ ನಲ್ಲಿ ಸೋರುತ್ತಿದೆ ಎಂಬ ಚರ್ಚೆ ತೊಟ್ಟಿಯೇ ಮುಗಿಸುತ್ತದೆ. ಮೋಟರಿಗೆ ನೀರಿನ ಮಟ್ಟ ನೋಡಿ ತಾನಾಗಿ ನಿಲ್ಲುವ ಕಂಟ್ರೋಲರು ಹಾಕಿಸಿ. ಸ್ವಿಚ್ಚು ಎಲ್ಲರ ಕೈಗೂ ಎಟುಕುವಂತಿದ್ದರೆ ಯಾರೂ ಆರಿಸುವುದಿಲ್ಲ. ಮಹಡಿ ಮೇಲೆ ಒಂದೇ ಸೋಲಾರ್ ಇಟ್ಟು ನಾಲ್ಕು ಮನೆಗೆ ಹಂಚಿದರೆ ಐದು ಗಂಟೆಗೆ ಏಳುವವರಿಗೆ ಬಿಸಿನೀರು, ಏಳಕ್ಕೆ ಏಳುವವರಿಗೆ ಬೇಸರ. ಬೋರ್‌ನ ಗಡಸು ನೀರಿಗೆ ಗೀಸರಿನ ಕಾಯಿಲು ಸುಣ್ಣಗಟ್ಟಿ ಬೇಗ ಹೋಗುತ್ತದೆ. ಅದು ಸಹಜ ಸವಕಳಿ, ಬಾಡಿಗೆದಾರರ ತಪ್ಪಲ್ಲ. ಅವರ ಅಡ್ವಾನ್ಸಿನಲ್ಲಿ ಅದನ್ನು ಮುರಿಯುವುದು ಸಣ್ಣತನ.

ಕರಾರು, ಅಡ್ವಾನ್ಸು, ಭೋಗ್ಯ

ಹನ್ನೊಂದು ತಿಂಗಳ ಕರಾರು ಯಾಕೆ ಎಂದರೆ, ಹನ್ನೆರಡು ವರ್ಷ ಇದ್ದರೆ ಬಾಡಿಗೆಯವರಿಗೇ ಮನೆ ಆಗಿಬಿಡುತ್ತದಂತೆ, ಅದಕ್ಕೇ ಎಂದು ಹೇಳುವವರಿದ್ದಾರೆ. ಎರಡಕ್ಕೂ ಸಂಬಂಧವಿಲ್ಲ. ಹನ್ನೆರಡು ವರ್ಷದ ಮಾತು ಒಡೆಯನನ್ನು ಧಿಕ್ಕರಿಸಿ ಕೂತವರದು. ಒಪ್ಪಿಗೆಯಿಂದ ಬಾಡಿಗೆ ಕೊಟ್ಟು ಇರುವವರಿಗೆ ಅದು ಅನ್ವಯಿಸುವುದಿಲ್ಲ. ಹನ್ನೊಂದು ತಿಂಗಳ ಗುಟ್ಟು ಇರುವುದು 1908ರ ನೋಂದಣಿ ಕಾಯ್ದೆಯಲ್ಲಿ: ಒಂದು ವರ್ಷ ಮೀರಿದ ಗುತ್ತಿಗೆಯನ್ನು ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಲೇಬೇಕು. ಆ ಖರ್ಚು, ಓಡಾಟ ತಪ್ಪಿಸಲು ಒಂದು ತಿಂಗಳು ಕಡಿಮೆ. ನೋಟರಿ ಸೀಲು ನೋಂದಣಿಯಲ್ಲ ಎಂಬುದೂ ನೆನಪಿರಲಿ. ಮೂರು ವರ್ಷಕ್ಕೆ ಕಂಪನಿಗೋ ಅಂಗಡಿಗೋ ಕೊಡುತ್ತಿದ್ದರೆ ನೋಂದಾಯಿಸಿ. ಮಾಡದಿದ್ದರೆ ನೀವು ಕಷ್ಟಪಟ್ಟು ಬರೆಸಿದ ಷರತ್ತುಗಳಿಗೆ ಕೋರ್ಟಿನಲ್ಲಿ ಬೆಲೆ ಕಟ್ಟುವುದು ಕಷ್ಟ.

1999ರ ಕರ್ನಾಟಕ ಬಾಡಿಗೆ ಕಾಯ್ದೆ ಬೆಂಗಳೂರಿನಂಥ ನಗರಗಳಲ್ಲಿ ತಿಂಗಳಿಗೆ 3,500 ಮೀರಿದ ಬಾಡಿಗೆಗೆ ಅನ್ವಯಿಸುವುದಿಲ್ಲ. ಅಂದರೆ ಇವತ್ತು ಹೆಚ್ಚುಕಡಿಮೆ ಯಾವ ಮನೆಗೂ ಇಲ್ಲ. ಬಿಡಿಸಬೇಕಾದರೆ 1882ರ ಆಸ್ತಿ ವರ್ಗಾವಣೆ ಕಾಯ್ದೆಯಂತೆ ಹದಿನೈದು ದಿನದ ನೋಟಿಸು, ಆಮೇಲೆ ದಾವೆ. ಕರಾರಿನಲ್ಲಿ ಎರಡು ತಿಂಗಳ ನೋಟಿಸು ಎಂದು ಬರೆದಿದ್ದರೆ ಅದೇ ನಡೆಯುತ್ತದೆ. ದಾವೆ ಎಷ್ಟು ಕಾಲ ನಡೆದೀತು ಎಂದು ಯಾವ ವಕೀಲರೂ ಮಾತು ಕೊಡಲಾರರು. ಸಿಟ್ಟಿಗೆ ಫ್ಯೂಸು ಕೀಳುವುದು, ನೀರು ನಿಲ್ಲಿಸುವುದು, ಬೀಗ ಬದಲಿಸುವುದು ಮಾಡಿದರೆ ಪೊಲೀಸ್ ಠಾಣೆಯಲ್ಲಿ ಉತ್ತರ ಕೊಡಬೇಕಾದವರು ಮಾಲೀಕರೇ. ಎಲ್ಲ ರಕ್ಷಣೆಯೂ ಕೀಲಿ ಕೊಡುವ ಮುಂಚೆ. ಕೆಲಸದ ಪುರಾವೆ, ಹಿಂದಿನ ಮಾಲೀಕರಿಗೊಂದು ಫೋನು, ಠಾಣೆಗೆ ಬಾಡಿಗೆದಾರರ ವಿವರ. ಹಿಂದಿನ ಮಾಲೀಕರ ಫೋನು ಉಳಿದೆಲ್ಲಕ್ಕಿಂತ ಹೆಚ್ಚು ಹೇಳುತ್ತದೆ. ಈಗ ಇರುವ ಮನೆಯವರಲ್ಲ, ಅದರ ಹಿಂದಿನವರು. ಈಗಿನವರಿಗೆ ಕಳಿಸುವ ಆತುರ ಇರಬಹುದು.

ಸಸ್ಯಾಹಾರಿಗಳಿಗೆ ಮಾತ್ರ, ನಮ್ಮವರಿಗೆ ಮಾತ್ರ ಎಂದು ಬೋರ್ಡು ನೇತುಹಾಕುವವರು ನೈತಿಕತೆ ಬದಿಗಿಟ್ಟು ಲೆಕ್ಕವನ್ನಾದರೂ ನೋಡಬೇಕು. ಕೇಳುವ ಹತ್ತು ಜನರಲ್ಲಿ ಏಳು ಜನರನ್ನು ಗೇಟಿನಲ್ಲೇ ಕಳಿಸಿದರೆ ಖಾಲಿ ತಿಂಗಳು ಒಂದಿದ್ದದ್ದು ಮೂರಾಗುತ್ತದೆ. 25 ಸಾವಿರದ ಮನೆಯಲ್ಲಿ ಅದು ವರ್ಷಕ್ಕೆ ಐವತ್ತು ಸಾವಿರದ ಮಡಿ.

ಅಡ್ವಾನ್ಸಿನ ವಿಷಯದಲ್ಲಿ ಬೆಂಗಳೂರು ಹತ್ತು ತಿಂಗಳಿಗೆ ಹೆಸರಾಗಿತ್ತು. ಈಗ ಐದಾರಕ್ಕೆ ಇಳಿದಿದೆ, ದೊಡ್ಡ ಅಪಾರ್ಟ್‌ಮೆಂಟುಗಳಲ್ಲಿ ಇನ್ನೂ ಕಡಿಮೆ. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ಎರಡು ತಿಂಗಳು ಎನ್ನುತ್ತದೆ, ಆದರೆ ಅದು ಮಾದರಿ ಮಾತ್ರ, ರಾಜ್ಯ ಒಪ್ಪಿ ಕಾಯ್ದೆ ಮಾಡಿದರಷ್ಟೇ ಜಾರಿ. ಮೊತ್ತ ಎಷ್ಟೇ ಇರಲಿ, ಅದು ಆದಾಯವಲ್ಲ, ಸಾಲ. ಅದೇ ಹಣದಲ್ಲಿ ವಾರ್ಡ್‌ರೋಬು ಮಾಡಿಸಿದವರು, ಬಿಡುವವರಿಗೆ, ಹೊಸಬರು ಬಂದು ಅಡ್ವಾನ್ಸ್ ಕೊಟ್ಟ ಮೇಲೆ ಕೊಡ್ತೀನಿ ಅನ್ನುತ್ತಾರೆ. ಅಲ್ಲಿಂದಲೇ ಬಾಡಿಗೆಯವರು ಕೊನೆಯ ಐದು ತಿಂಗಳು ಬಾಡಿಗೆ ನಿಲ್ಲಿಸುವ ಉಪಾಯ ಕಲಿತದ್ದು. ಬ್ಯಾಂಕಿನಲ್ಲಿ ಎಫ್‌ಡಿ ಮಾಡಿ ಇಡಿ. ನಗದಾಗಿ ತೆಗೆದುಕೊಳ್ಳಲೇಬೇಡಿ, 20 ಸಾವಿರ ಮುಟ್ಟಿದ ಠೇವಣಿಯನ್ನು ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು ತಡೆಯುತ್ತದೆ, ದಂಡ ಪಡೆದಷ್ಟೇ ಮೊತ್ತ. ಬಣ್ಣಕ್ಕೆ ಒಂದು ತಿಂಗಳ ಬಾಡಿಗೆ ಮುರಿಯುವ ರೂಢಿ ಇರುವಲ್ಲಿ, ಆರು ತಿಂಗಳಿಗೆ ಬಿಟ್ಟರೂ ಅಷ್ಟೇಯೋ, ನಾಲ್ಕು ವರ್ಷ ಇದ್ದರೂ ಅಷ್ಟೇಯೋ ಎಂದು ಬರೆದಿಡಿ.

ಭೋಗ್ಯ ಇನ್ನೊಂದು ಆಮಿಷ. ಹದಿನೈದು ಸಾವಿರದ ಮನೆಯನ್ನು ಹನ್ನೆರಡು ಲಕ್ಷಕ್ಕೆ ಮೂರು ವರ್ಷದ ಭೋಗ್ಯಕ್ಕೆ ಕೊಟ್ಟರೆ ಒಂದೇ ಗಂಟು ಹಣ. ಬಿಟ್ಟುಕೊಟ್ಟ ಬಾಡಿಗೆ ವರ್ಷಕ್ಕೆ 1.8 ಲಕ್ಷ, ಅಂದರೆ ನೀವು ಶೇ. 15ರ ಬಡ್ಡಿಗೆ ಸಾಲ ತಂದಿದ್ದೀರಿ. ಬ್ಯಾಂಕಿನ ಗೃಹಸಾಲ ಅದರ ಅರ್ಧಕ್ಕೆ ಸಮೀಪ ಸಿಗುತ್ತದೆ. ಮೂರು ವರ್ಷದ ಕೊನೆಗೆ ಹನ್ನೆರಡು ಲಕ್ಷ ಹೊಂದಿಸಲು ಇನ್ನೊಬ್ಬ ಭೋಗ್ಯದಾರರನ್ನು ಹುಡುಕಬೇಕು, ಸರಪಳಿ ಕಡಿಯುವುದೇ ಇಲ್ಲ. ನಡುವೆ ಒಂದು ಕಂಪನಿ ನಿಂತು, ನಿಮಗೆ ತಿಂಗಳ ಬಾಡಿಗೆ ನಾವು ಕೊಡ್ತೀವಿ, ಬಾಡಿಗೆಯವರನ್ನು ನಾವೇ ತರ್ತೀವಿ ಎಂದರೆ ಎರಡು ಸಲ ಯೋಚಿಸಿ. ಒಳಗೆ ಬಂದವರಿಂದ ಭೋಗ್ಯದ ಗಂಟು ಕಟ್ಟಿಸಿಕೊಂಡು, ಮಾಲೀಕರಿಗೆ ಕೆಲವು ತಿಂಗಳು ಬಾಡಿಗೆ ಕೊಟ್ಟು, ಆಮೇಲೆ ಬಾಗಿಲು ಹಾಕಿಕೊಂಡು ಹೋದ ಮಧ್ಯವರ್ತಿಗಳು ಬೆಂಗಳೂರಿನಲ್ಲಿ ಆಗಿಹೋಗಿದ್ದಾರೆ. ಕೊನೆಗೆ ಎದುರುಬದುರು ನಿಲ್ಲುವವರು ಬಾಡಿಗೆ ಕಾಣದ ಮಾಲೀಕರು ಮತ್ತು ಗಂಟು ಕಳೆದುಕೊಂಡ ಕುಟುಂಬ. ಇಬ್ಬರ ಹತ್ತಿರವೂ ಕಾಗದ ಇರುತ್ತದೆ.

ತೆರಿಗೆ

ಸಂಕ್ಷೇಪವಾಗಿ. ಬಂದ ಬಾಡಿಗೆಯಲ್ಲಿ ನೀವು ಕಟ್ಟಿದ ಆಸ್ತಿ ತೆರಿಗೆ ಕಳೆದು, ಉಳಿದದ್ದರಲ್ಲಿ ಶೇ. 30 ರಿಪೇರಿಗೆಂದು ರಸೀದಿ ಇಲ್ಲದೆಯೇ ಕಳೆಯಬಹುದು, ಆಮೇಲೆ ಸಾಲದ ಬಡ್ಡಿ. ಮೇಲಿನ ಉದಾಹರಣೆಯಲ್ಲಿ 2.75 ಲಕ್ಷದಲ್ಲಿ ಹತ್ತು ಸಾವಿರ, ನಂತರ 79,500 ಕಳೆದರೆ 1,85,500. ಮೊದಲ ವರ್ಷದ ಬಡ್ಡಿ ಸುಮಾರು 5.05 ಲಕ್ಷ. ಸುಮಾರು 3.2 ಲಕ್ಷ ನಷ್ಟ. ಹಳೇ ತೆರಿಗೆ ಪದ್ಧತಿಯಲ್ಲಿ ಇದರಲ್ಲಿ ಎರಡು ಲಕ್ಷವನ್ನು ಸಂಬಳದ ಎದುರು ವಜಾ ಮಾಡಿ, ಉಳಿದದ್ದನ್ನು ಎಂಟು ವರ್ಷ ಮುಂದೆ ಒಯ್ಯಬಹುದು. ಹೊಸ ಪದ್ಧತಿಯಲ್ಲಿ ಬಡ್ಡಿ ಬಾಡಿಗೆಯನ್ನು ಸೊನ್ನೆ ಮಾಡುತ್ತದೆ, ಅಷ್ಟೇ. ನಷ್ಟವನ್ನು ಸಂಬಳದಲ್ಲಿ ಕಳೆಯಲಾಗದು. ತೆರಿಗೆ ಉಳಿಯುತ್ತೆ ಎಂದು ಎರಡನೇ ಮನೆ ಕೊಳ್ಳಿಸುವ ಹಳೇ ಸಲಹೆ ಹೊಸ ಪದ್ಧತಿಯವರಿಗೆ ಸತ್ತುಹೋಗಿದೆ. ಸಲಹೆ ಕೊಡುವವರಿಗೆ ಮಾತ್ರ ಇನ್ನೂ ಸುದ್ದಿ ಮುಟ್ಟಿಲ್ಲ.

ಬೆಂಗಳೂರಿನ ಆಸ್ತಿ ತೆರಿಗೆಯಲ್ಲಿ ಬಾಡಿಗೆ ಮನೆಯ ದರ ಸ್ವಂತ ವಾಸದ ದರದ ಎರಡರಷ್ಟು. ಸ್ವಂತ ವಾಸ ಎಂದು ಬರೆದು ಬಾಡಿಗೆ ತಿನ್ನುವುದು ಹಳೇ ಚಾಳಿ. ಬಾಡಿಗೆಯವರು ಎಚ್‌ಆರ್‌ಎ, ಅಂದರೆ ಸಂಬಳದಲ್ಲಿನ ಮನೆ ಬಾಡಿಗೆ ಭತ್ಯೆಯ ತೆರಿಗೆ ವಿನಾಯಿತಿಗಾಗಿ ವರ್ಷಕ್ಕೆ ಲಕ್ಷ ಮೀರಿದ ಬಾಡಿಗೆ ತೋರಿಸುವಾಗ ಮಾಲೀಕರ ಪ್ಯಾನ್ ಕೊಡಬೇಕಾದ್ದರಿಂದ ಮುಚ್ಚಿಡುವುದಕ್ಕೆ ಹೆಚ್ಚು ಜಾಗವಿಲ್ಲ. ತಿಂಗಳಿಗೆ 50 ಸಾವಿರ ಮೀರಿದ ಬಾಡಿಗೆಯಲ್ಲಿ ಬಾಡಿಗೆದಾರರು ಶೇ. 2 ಟಿಡಿಎಸ್, ಅಂದರೆ ಮೂಲದಲ್ಲೇ ಮುರಿಯುವ ತೆರಿಗೆ, ಹಿಡಿಯಬೇಕು (2024ರ ಅಕ್ಟೋಬರಿಗೆ ಮುಂಚೆ ಶೇ. 5 ಇತ್ತು). ಡಲ್ಲಾಸಿನಲ್ಲೋ ಮೆಲ್ಬರ್ನಿನಲ್ಲೋ ಇದ್ದು ಜಯನಗರದ ಮನೆ ಬಾಡಿಗೆಗೆ ಕೊಟ್ಟ ಕನ್ನಡಿಗರಿಗೆ ನಿಯಮ ಬೇರೆ. ಮಾಲೀಕರು ಅನಿವಾಸಿಯಾದರೆ 50 ಸಾವಿರದ ಆ ಮಿತಿಯ ರಕ್ಷಣೆ ಇಲ್ಲ, ಕಡಿತವೂ ಶೇ. 30ರ ಮೇಲೆ. ಬಾಡಿಗೆಯವರಿಗೆ ಇದು ತಿಳಿದಿರುವುದಿಲ್ಲ, ಅಣ್ಣನ ಖಾತೆಗೆ ಹಾಕಿ ಎಂದು ಹೇಳಿದ ಮಾಲೀಕರು ತಿಳಿಸಿರುವುದೂ ಇಲ್ಲ. ನೋಟಿಸು ಬರುವುದು ಇಬ್ಬರಿಗೂ.

ಮಾರುವ ದಿನ ಬಂದಾಗ ಎರಡು ವರ್ಷಕ್ಕಿಂತ ಹೆಚ್ಚು ಇಟ್ಟುಕೊಂಡ ಮನೆಯ ಲಾಭಕ್ಕೆ ಶೇ. 12.5 ತೆರಿಗೆ, ಹಣದುಬ್ಬರದ ಹೊಂದಾಣಿಕೆ ಇಲ್ಲದೆ. 2024ರ ಜುಲೈ 23ಕ್ಕೆ ಮುಂಚೆ ಕೊಂಡ ನಿವಾಸಿಗಳಿಗೆ ಹೊಂದಾಣಿಕೆಯೊಂದಿಗೆ ಶೇ. 20ರ ಹಳೇ ಲೆಕ್ಕವೂ ಉಂಟು, ಯಾವುದು ಕಡಿಮೆಯೋ ಅದು. ಕೊಂಡಾಗಿನ ವಾರ್ಡ್‌ರೋಬಿನ ಬಿಲ್ಲನ್ನೂ ಮುದ್ರಾಂಕದ ರಸೀದಿಯನ್ನೂ ಒಂದೇ ಕಡತದಲ್ಲಿ ಇಟ್ಟಿರಿ.

ಕೀಲಿ ವಾಪಸು ಬಂದ ದಿನ

ಬಾಡಿಗೆ ಕೊಡುವ ದಿನವೇ ಮನೆಯ ಪ್ರತಿ ಕೋಣೆಯ ವೀಡಿಯೊ ತೆಗೆದು ಬಾಡಿಗೆಯವರಿಗೂ ಕಳಿಸಿದ್ದರೆ ಬಿಡುವ ದಿನ ಅರ್ಧ ಗಂಟೆಯ ಕೆಲಸ. ವಿದ್ಯುತ್ ಮೀಟರಿನ ರೀಡಿಂಗ್, ನೀರಿನ ಬಿಲ್ಲು, ಫ್ಯಾನು ಲೈಟುಗಳ ಪಟ್ಟಿ, ಕೀಲಿಗಳ ಸಂಖ್ಯೆ. 2023ರಿಂದ ಇನ್ನೊಂದು ಸೇರಿದೆ: ಗೃಹಜ್ಯೋತಿ. ಬಾಡಿಗೆಯವರು ತಮ್ಮ ಆಧಾರನ್ನು ಆ ಮೀಟರಿನ ಆರ್‌ಆರ್ ಸಂಖ್ಯೆಗೆ ಜೋಡಿಸಿರುತ್ತಾರೆ. ಸರ್ಕಾರದ ಸೇವಾಸಿಂಧು ಪೋರ್ಟಲಿನಲ್ಲಿ ಅದನ್ನು ಬಿಡಿಸದೆ ಹೋದರೆ ಹೊಸಬರಿಗೆ ಉಚಿತ ವಿದ್ಯುತ್ತಿಗೆ ಅರ್ಜಿ ಹಾಕಲಾಗದು, ಹೋದವರಿಗೆ ಹೊಸ ಮನೆಯಲ್ಲೂ ತೊಡಕು. ನಿಮ್ಮೆದುರೇ ಮೊಬೈಲಿನಲ್ಲಿ ಬಿಡಿಸಿ, ಅಡ್ವಾನ್ಸನ್ನು ಅದೇ ದಿನ ಬ್ಯಾಂಕಿಗೆ ಹಾಕಿ.

ಮನೆ ಏಪ್ರಿಲ್, ಮೇನಲ್ಲಿ ಖಾಲಿಯಾದರೆ ಶಾಲೆ ಶುರುವಾಗುವ ಮುಂಚೆ ಹುಡುಕುವವರು ಸಾಲುಗಟ್ಟಿರುತ್ತಾರೆ. ಆಷಾಢದಲ್ಲಿ ಖಾಲಿಯಾದರೆ ಬಾಡಿಗೆ ಇಳಿಸಿಯೂ ಪ್ರಯೋಜನವಿಲ್ಲ, ಹಾಲು ಉಕ್ಕಿಸುವವರು ಶ್ರಾವಣಕ್ಕೆ ಕಾಯುತ್ತಾರೆ. ಪಿತೃಪಕ್ಷದ ಹದಿನೈದು ದಿನವೂ, ಧನುರ್ಮಾಸವೂ ಹಾಗೇ. ಅದಕ್ಕೇ ಹಳಬರು ಮೊದಲ ಕರಾರನ್ನು ಯಾವ ತಿಂಗಳಲ್ಲಿ ಮಾಡಿದರೂ ಅದು ಮುಗಿಯುವ ತಿಂಗಳು ಮೇ ಆಗುವಂತೆ ನೋಡಿಕೊಳ್ಳುತ್ತಾರೆ. ಬೇಕಾದರೆ ಮೊದಲ ಸಲ ಎಂಟೇ ತಿಂಗಳಿಗೆ ಬರೆಯುತ್ತಾರೆ. ತಪ್ಪಿ ಆಷಾಢದಲ್ಲೇ ಕೀಲಿ ಕೈಗೆ ಬಂದರೆ ಬೋರ್ಡು ಆಮೇಲೆ ಹಾಕಿ. ಬಚ್ಚಲಿನ ಟೈಲ್ಸ್ ಕಿತ್ತು ನೋಡಲು ಅದಕ್ಕಿಂತ ಒಳ್ಳೆಯ ತಿಂಗಳು ಸಿಗುವುದಿಲ್ಲ, ಮಳೆಯೂ ಬರುತ್ತಿರುತ್ತದೆ.